ಯಾಜಕನಿಗೆ ದೇವರ ಕರೆ ಬೇಕಿತ್ತಾ, ಅಪ್ಪ ಯಾಜಕನಾಗಿದ್ದರೆ ಸಾಕಿತ್ತಾ?

ಓದುಗರ ಪ್ರಶ್ನೆ: ನಮ್ಮ ಚರ್ಚಿನಲ್ಲಿ ಪಾಸ್ಟರ್ ಆಗುವವರು "ನನಗೆ ದೇವರ ಕರೆ ಬಂತು" ಅಂತಾರೆ. ಹಳೇ ಒಡಂಬಡಿಕೆಯ ಯಾಜಕರಿಗೂ ಹೀಗೇ ಕರೆ ಬರ್ತಿತ್ತಾ? ಹಾಗಿದ್ರೆ ಅದು ಆರೋನನ ಮಕ್ಕಳಿಗೆ ಮಾತ್ರ ಯಾಕೆ ಬರ್ತಿತ್ತು?

ಬರುತ್ತಿರಲಿಲ್ಲ. ಹೀಬ್ರೂ ಗ್ರಂಥಗಳಲ್ಲಿ ಕರೆ ಬರುವುದು ಪ್ರವಾದಿಗೆ. ಯಾಜಕ ಹುಟ್ಟುತ್ತಾನೆ, ಅಷ್ಟೇ.

ಉರಿಯುವ ಪೊದೆಯಿಂದ ದೇವರು ಹೆಸರು ಹಿಡಿದು ಕರೆದಾಗ ಮೋಶೆ "ನನ್ನ ನಾಲಿಗೆ ಮಂದ, ಬೇರೆ ಯಾರನ್ನಾದರೂ ಕಳಿಸು" ಎಂದು ಜಾರಿಕೊಳ್ಳಲು ನೋಡುತ್ತಾನೆ. ಯೆರೆಮೀಯ ನಾನಿನ್ನೂ ಹುಡುಗ ಅನ್ನುತ್ತಾನೆ. ಯೆಶಾಯ ಮಾತ್ರ "ನಾನಿದ್ದೇನೆ, ನನ್ನನ್ನು ಕಳಿಸು" ಎಂದು ತಾನೇ ಮುಂದೆ ಬರುತ್ತಾನೆ. ಯಾಜಕರ ವಿಷಯದಲ್ಲಿ ಹೀಗೆ ಕರೆದು, ಒಲ್ಲೆ ಎಂದು, ಆಮೇಲೆ ಒಪ್ಪಿಕೊಂಡ ಒಂದು ದೃಶ್ಯವೂ ಇಲ್ಲ. ಈ ಮನೆತನದ ಮೊದಲ ಯಾಜಕ ಆರೋನನದ್ದನ್ನೇ ನೋಡಿ. ಯಾಜಕನಾಗು ಅಂತ ದೇವರು ಅವನಿಗೆ ನೇರ ಹೇಳುವುದಿಲ್ಲ. ಅವನಿಗಿಂತ 3 ವರ್ಷ ಚಿಕ್ಕವನಾದ ತಮ್ಮ ಮೋಶೆಗೆ ಹೇಳುತ್ತಾನೆ: ನಿನ್ನ ಅಣ್ಣನನ್ನೂ ಅವನ ಮಕ್ಕಳನ್ನೂ ಕರೆದುಕೊಂಡು ಬಾ. ಯಾಜಕಕಾಂಡದ 8ನೇ ಅಧ್ಯಾಯದಲ್ಲಿ ಅವರಿಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಎಣ್ಣೆ ಸುರಿದು, ಬಲಿಯ ರಕ್ತವನ್ನು ಬಲಗಿವಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚಿ, 7 ದಿನ ದೇವರ ಗುಡಾರದ ಬಾಗಿಲಲ್ಲೇ ಕೂರಿಸುತ್ತಾರೆ. ಇಷ್ಟೆಲ್ಲ ನಡೆಯುವಾಗ ಆರೋನ ಒಂದು ಮಾತೂ ಆಡುವುದಿಲ್ಲ. ಅವನನ್ನು ಯಾರೂ ಕೇಳುವುದೂ ಇಲ್ಲ.

ಹಾಗಾದರೆ ಕರೆ ಎಲ್ಲೂ ಇಲ್ವಾ ಅಂದರೆ, ಆರಿಸಿಕೊಂಡದ್ದು ಇಡೀ ಮನೆತನವನ್ನು. ಒಂದೇ ಸಲ. ಆಮೇಲೆ ಹುಟ್ಟಿದವರಿಗೆಲ್ಲ ಅದು ಆಸ್ತಿಯ ಹಾಗೆ ಬಂತು. ಬಾಬಿಲೋನಿನ ಸೆರೆಯಿಂದ ವಾಪಸ್ ಬಂದವರಲ್ಲಿ ಕೆಲವು ಮನೆಯವರು ನಾವು ಯಾಜಕರು ಅಂದರು, ಆದರೆ ವಂಶಾವಳಿಯ ಪಟ್ಟಿಯಲ್ಲಿ ಅವರ ಹೆಸರು ಸಿಗಲಿಲ್ಲ. ಯಾಜಕತ್ವದಿಂದ ಹೊರಗಿಟ್ಟರು. ನಿಮಗೆ ಕನಸು ಬಿತ್ತಾ, ದನಿ ಕೇಳಿಸಿತಾ ಅಂತ ಯಾರೂ ವಿಚಾರಿಸಲಿಲ್ಲ, ಕೇಳಿದ್ದು ದಾಖಲೆ.

ಸುಮ್ನೆ ಒಂದು ಮಾತು ಮಧ್ಯೆ ಹೇಳಿಬಿಡುತ್ತೇನೆ. ಯಾಜಕನನ್ನು ನೇಮಿಸುವುದಕ್ಕೆ ಹೀಬ್ರೂನಲ್ಲಿ "ಕೈ ತುಂಬಿಸುವುದು" ಅನ್ನುತ್ತಾರೆ. ಬಲಿಯ ಪಾಲನ್ನು ಅವನ ಅಂಗೈ ಮೇಲೆ ಇಡುತ್ತಿದ್ದರಲ್ಲ, ಅದರಿಂದ ಬಂದ ಮಾತಿರಬೇಕು. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಮೀಕ ಎಂಬವನು ಮನೆಯಲ್ಲೇ ಗುಡಿ ಮಾಡಿಕೊಂಡು ಮೊದಲು ತನ್ನ ಮಗನ ಕೈ ತುಂಬಿಸುತ್ತಾನೆ, ಆಮೇಲೆ ಬೆತ್ಲೆಹೇಮಿನಿಂದ ನೆಲೆ ಹುಡುಕುತ್ತಾ ಬಂದ ಒಬ್ಬ ಲೇವಿಯ ಹುಡುಗ (ಲೇವಿ ಅಂದರೆ ಆರೋನನ ಕುಲ) ಸಿಕ್ಕಿದ್ದೇ ತಡ, ವರ್ಷಕ್ಕೆ 10 ಬೆಳ್ಳಿ, ಒಂದು ಜೊತೆ ಬಟ್ಟೆ, ಊಟ ಅಂತ ಮಾತಾಡಿ ಅವನನ್ನೇ ಇಟ್ಟುಕೊಳ್ಳುತ್ತಾನೆ. ಕಥೆಯ ಕೊನೆಗೆ ಬರುವ ಯೋನಾತಾನ ಇವನೇ ಎಂದು ಓದುವವರು ಜಾಸ್ತಿ. ಆ ಯೋನಾತಾನ ಮೋಶೆಯ ಮಗ ಗೇರ್ಷೋಮನ ಮಗ! ಪ್ರತಿ ಬರೆದವರಿಗೆ ಇದು ಮುಜುಗರವಾಗಿರಬೇಕು, ಮೋಶೆ ಎಂಬ ಹೆಸರಿನ ನಡುವೆ "ನೂನ್" (ನ) ಅಕ್ಷರವನ್ನು ಸಾಲಿಗಿಂತ ಮೇಲೆ ನೇತುಹಾಕಿ "ಮನಸ್ಸೆ" ಎಂದು ಓದುವ ಹಾಗೆ ಮಾಡಿದ್ದಾರೆ.

ಆರೋನನ ಮಕ್ಕಳೇ ಯಾಕೆ ಅನ್ನುವ ನಿಮ್ಮ ಪ್ರಶ್ನೆಯನ್ನು ನಿಮಗಿಂತ ಮೊದಲೇ ಒಬ್ಬ ಕೇಳಿದ್ದಾನೆ. ಕೋರಹ. ಅವನೂ ಲೇವಿಯೇ. ಜನರೆಲ್ಲ ಪರಿಶುದ್ಧರೇ ಆಗಿರುವಾಗ ನೀವಿಬ್ಬರು ಮಾತ್ರ ಯಾಕೆ ಮೇಲೆ ನಿಂತಿದ್ದೀರಿ ಎಂದು ಮೋಶೆ, ಆರೋನರನ್ನು ಕೇಳಿದ. ತೀರಾ ತಪ್ಪು ಪ್ರಶ್ನೆಯೇನಲ್ಲ, ವಿಮೋಚನಕಾಂಡದ 19ನೇ ಅಧ್ಯಾಯದಲ್ಲಿ ಇಡೀ ಜನಾಂಗವನ್ನೇ ಯಾಜಕರ ರಾಜ್ಯ ಎಂದು ಕರೆದಿದೆ. ಆದರೆ ಅರಣ್ಯಕಾಂಡ ವಾದಕ್ಕೆ ಇಳಿಯುವುದಿಲ್ಲ. ನೆಲ ಬಾಯಿ ಬಿಡುತ್ತದೆ, ಧೂಪ ಹಿಡಿದ 250 ಮಂದಿ ಸುಟ್ಟುಹೋಗುತ್ತಾರೆ, ಮುಂದಿನ ಅಧ್ಯಾಯದಲ್ಲಿ 12 ಕೋಲುಗಳನ್ನು ಇಟ್ಟಾಗ ಆರೋನನ ಕೋಲು ಮಾತ್ರ ಚಿಗುರಿ ಬಾದಾಮಿ ಬಿಡುತ್ತದೆ. ಯಾಕೆ ಅನ್ನುವುದಕ್ಕೆ ಕಾರಣ ಕೊಡುವುದಿಲ್ಲ. ದೇವರು ಆರಿಸಿದ, ಮುಗೀತು.

ಮುಗಿಯಲಿಲ್ಲ, ನಿಜ ಹೇಳಬೇಕೆಂದರೆ. ಕೋರಹನ ಮಕ್ಕಳು ಸಾಯಲಿಲ್ಲ ಎಂದು ಅದೇ ಪುಸ್ತಕ ಮುಂದೆ ಒಂದು ಸಾಲಿನಲ್ಲಿ ಹೇಳಿ ಸುಮ್ಮನಾಗುತ್ತದೆ. ಪೂರ್ವಕಾಲವೃತ್ತಾಂತದ ವಂಶಾವಳಿ ನೋಡಿದರೆ ಆ ಕೋರಹನ ಸಂತತಿಯಲ್ಲೇ ಒಬ್ಬ ಸಮುವೇಲ ಬರುತ್ತಾನೆ. ಶೀಲೋವಿನ ಗುಡಿಯಲ್ಲಿ ಏಫೋದು ಎಂಬ ಯಾಜಕರ ನಾರಿನ ಮೇಲಂಗಿ ತೊಟ್ಟು, ದೇವರ ಪವಿತ್ರ ಪೆಟ್ಟಿಗೆಯಾದ ಮಂಜೂಷದ ಹತ್ತಿರ ಮಲಗುತ್ತಿದ್ದ ಹುಡುಗ, ಅಮ್ಮ ವರ್ಷಕ್ಕೊಂದು ಪುಟ್ಟ ಅಂಗಿ ಹೊಲಿದು ತರುತ್ತಿದ್ದಳಲ್ಲ, ಅವನೇ.

ನನಗೆ ಈ ಕಥೆಯಲ್ಲಿ ಸಮುವೇಲನಿಗಿಂತ ಏಲಿ ಜಾಸ್ತಿ ಕಾಡುತ್ತಾನೆ. ಏಲಿ ಆ ಗುಡಿಯಲ್ಲಿದ್ದ ಹುಟ್ಟಾ ಯಾಜಕ. ಅವನ ಮಕ್ಕಳೂ ಹುಟ್ಟಾ ಯಾಜಕರೇ, ಅದಕ್ಕೇ ಅಷ್ಟು ಸೊಕ್ಕು. ಬಲಿ ಕೊಡಲು ಬಂದವರ ಮಾಂಸ ಇನ್ನೂ ಬೇಯುತ್ತಿರುವಾಗಲೇ ಅವರ ಆಳು ಮೂರು ಮುಳ್ಳಿನ ಕೊಂಡಿ ಹಾಕಿ ಎತ್ತಿಕೊಂಡು ಹೋಗುತ್ತಿದ್ದ. ಒಂದು ರಾತ್ರಿ ದೇವರು ಕರೆದದ್ದು ಈ ಮಕ್ಕಳನ್ನಲ್ಲ, ಏಲಿಯನ್ನೂ ಅಲ್ಲ, ಸಮುವೇಲನನ್ನು. ಹುಡುಗ ಮೂರು ಸಲ ಎದ್ದು "ಕರೆದಿರಾ?" ಎಂದು ಏಲಿಯ ಹತ್ತಿರ ಓಡಿ ಬರುತ್ತಾನೆ. ಆ ದನಿ ಏಲಿಗೆ ಕೇಳಿಸಲೇ ಇಲ್ಲ, ಆದರೆ ಅದು ಯಾರ ದನಿ ಎಂದು ಗುರುತು ಹಿಡಿದವನು ಅವನೇ, ಏನು ಉತ್ತರ ಕೊಡಬೇಕು ಎಂದು ಹೇಳಿಕೊಟ್ಟವನೂ ಅವನೇ. ಹಾಗೆ ಹೇಳಿಕೊಟ್ಟ ಮೇಲೆ ಹುಡುಗನಿಗೆ ಸಿಕ್ಕ ಮೊದಲ ಸುದ್ದಿ: ಏಲಿಯ ಮನೆತನ ಮುಗಿಯಿತು.

ಅದು ಕೂಡಲೇ ಮುಗಿಯಲಿಲ್ಲ. ಎಷ್ಟೋ ಕಾಲದ ಮೇಲೆ ಸೊಲೊಮೋನ ಪಟ್ಟಕ್ಕೆ ಬಂದಾಗ, ಏಲಿಯ ವಂಶದ ಎಬ್ಯಾತಾರ ಎದುರು ಪಕ್ಷ ಕಟ್ಟಿದ್ದ. ಅವನನ್ನು ಅನಾತೋತ್ ಎಂಬ ಊರಿಗೆ ಅಟ್ಟಿ, ಚಾದೋಕ ಎಂಬ ಇನ್ನೊಬ್ಬ ಯಾಜಕನನ್ನು ಆ ಜಾಗಕ್ಕೆ ತಂದರು. ಮುಂದೆ ಅದೇ ಅನಾತೋತಿನ ಯಾಜಕರ ಮನೆಯಲ್ಲಿ ಹುಟ್ಟಿದವನು ಯೆರೆಮೀಯ. ಯಾಜಕನ ಮಗನಿಗೆ ಕರೆ ಬಂತು ಸರಿ, ಬಂದದ್ದು ಪ್ರವಾದಿಯಾಗು ಅಂತ, ಅವನು ಹೋಗಿ ಯೆರೂಸಲೇಮಿನ ದೇವಾಲಯ ಶೀಲೋವಿನ ಹಾಗೆ ಹಾಳಾಗುತ್ತದೆ ಎಂದು ಅದರ ಅಂಗಳದಲ್ಲೇ ನಿಂತು ಹೇಳಿದ. ಅವನನ್ನು ಹಿಡಿದು ನಿನಗೆ ಸಾವೇ ಗತಿ ಎಂದವರಲ್ಲಿ ಯಾಜಕರೂ ಇದ್ದರು.

ಯಾಜಕರ ಹುಟ್ಟು, ಪ್ರವಾದಿಯ ಕರೆ, ಎರಡಕ್ಕೂ ಯಾವಾಗಲೂ ಜಗಳವೇ ಅಂತಲ್ಲ. ಯೋಷೀಯ ರಾಜನ ಕಾಲದಲ್ಲಿ, ಸುಮಾರು ಕ್ರಿ.ಪೂ. 622ರಲ್ಲಿ, ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥ ಸಿಕ್ಕಾಗ ಮಹಾಯಾಜಕ ಹಿಲ್ಕೀಯನೇ ಇನ್ನೂ ನಾಲ್ವರ ಜೊತೆ ಹುಲ್ದ ಎಂಬ ಪ್ರವಾದಿನಿಯ ಮನೆಗೆ ಕೇಳಲು ಹೋಗುತ್ತಾನೆ. ಹೆಂಗಸು ಯಾಜಕಳಾಗುವಂತಿರಲಿಲ್ಲ. ಕರೆಗೆ ಆ ಅಡ್ಡಿ ಇರಲಿಲ್ಲ.

ಇನ್ನು ಯೆಹೆಜ್ಕೇಲ. ಅವನೂ ಯಾಜಕ, ಆದರೆ ಸೆರೆಯಾಗಿ ಬಾಬಿಲೋನಿಗೆ ಹೋದವನು, ಅಲ್ಲಿ ಸೇವೆ ಮಾಡಲು ಗುಡಿಯೇ ಇಲ್ಲ. ಅವನ ಪುಸ್ತಕ "30ನೇ ವರ್ಷದಲ್ಲಿ" ಎಂದು ಶುರುವಾಗುತ್ತದೆ. ಅದು ಅವನ ವಯಸ್ಸು ಎಂದು ಹಲವರು ಓದುತ್ತಾರೆ. ಅರಣ್ಯಕಾಂಡದಲ್ಲಿ ಲೇವಿಯರು ಗುಡಾರದ ಸೇವೆಗೆ ಸೇರುವ ವಯಸ್ಸೂ 30. ಕೆಬಾರ್ ನದಿಯ ದಡದಲ್ಲಿ ಅವನಿಗೆ ಆಕಾಶ ತೆರೆಯಿತು, ಪ್ರವಾದಿಯಾದ. ಆದರೆ ಹುಟ್ಟುಬುದ್ಧಿ ಎಲ್ಲಿ ಹೋಗುತ್ತೆ? ಕೊನೆಯ 9 ಅಧ್ಯಾಯಗಳಲ್ಲಿ ಮುಂದೆ ಬರುವ ದೇವಾಲಯವನ್ನು ಗೋಡೆ ಗೋಡೆ, ಬಾಗಿಲು ಬಾಗಿಲು ಅಳೆದು ಹೇಳುತ್ತಾನೆ, ಯಾಜಕರು ಬೆವರು ಬರಿಸುವ ಬಟ್ಟೆ ತೊಡಬಾರದು ಅನ್ನುವವರೆಗೂ ಹೋಗುತ್ತಾನೆ. ಮತ್ತೆ, ದೇವರ ಸನ್ನಿಧಿಗೆ ಹತ್ತಿರ ಯಾರು ಬರಬಹುದು? ಚಾದೋಕನ ಮಕ್ಕಳು ಮಾತ್ರ. ಬೇರೆ ಲೇವಿಯರು ಬಾಗಿಲು ಕಾಯಲಿ ಅನ್ನುತ್ತಾನೆ.