ಬರ್ಮೀಸ್ ಭಾಷೆಯ ಲ, ಲಾ, ಲಾಃ

ಬರ್ಮೀಸ್ ಕಲಿಯೋಕೆ ಶುರು ಮಾಡಿ ಮೂರು ತಿಂಗಳಾಯಿತು. ಈ ವಾರ ಒಂದು ದೊಡ್ಡ ಗಂಟು ಬಿಚ್ಚಿಕೊಂಡಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಬರ್ಮೀಸ್ ನಂಬಿ ಕಲಿಯಬೇಡಿ. ಬರ್ಮಾದ, ಅಂದರೆ ಮ್ಯಾನ್ಮಾರಿನ ಹಣವನ್ನು ನಾವು 'ಕ್ಯಾಟ್' ಅಂತ ಓದುತ್ತೇವೆ. ಅವರ ಬಾಯಲ್ಲಿ ಅದು 'ಚ' ಅಂತ ಶುರುವಾಗಿ ಗಂಟಲಲ್ಲೇ ನಿಂತುಬಿಡುತ್ತದೆ. ಲಿಪಿಯನ್ನೇ ಕಲಿಯಿರಿ. ನಮಗೆ ಅದು ಅಷ್ಟು ಕಷ್ಟವಲ್ಲ, ಅದೂ ಬ್ರಾಹ್ಮಿಯ ಮನೆತನದ್ದೇ. ಕ ಖ ಗ ಘ ಙ ಅದೇ ಸಾಲಿನಲ್ಲಿ ಸಿಗುತ್ತವೆ. ಆದರೆ ಸಾಲು ಒಂದೇ ಆದರೂ ದನಿ ಒಂದೇ ಅಲ್ಲ. ಚ ಇರುವ ಜಾಗದಲ್ಲಿ ಸ ಕೇಳಿಸುತ್ತದೆ. ರ ಇರುವ ಜಾಗದಲ್ಲಿ ಯ. ಇಂಗ್ಲಿಷಿನಲ್ಲಿ ರಂಗೂನ್ ಇದ್ದದ್ದು 1989ರಲ್ಲಿ ಯಾಂಗೊನ್ ಆಯಿತಲ್ಲ, ಬರ್ಮೀಸಿನಲ್ಲಿ ಅದನ್ನು ಈಗಲೂ ರ ಅಕ್ಷರದಿಂದಲೇ ಬರೆಯುತ್ತಾರೆ. ಸ ಇರುವ ಜಾಗದ ಅಕ್ಷರವನ್ನು ನಾಲಗೆಯ ತುದಿ ಹಲ್ಲುಗಳ ಮಧ್ಯೆ ಇಟ್ಟು ಹೇಳಬೇಕು. ಅದು ಇಂಗ್ಲಿಷರ 'ಥಿಂಕ್', ನಮ್ಮ ಥ ಅಲ್ಲ. ಇಲ್ಲಿ ಇಂಗ್ಲಿಷ್ ಮಾತಾಡುವವರಿಗೆ ಸುಲಭ. ಪ-ಫ, ತ-ಥ ಬೇರೆ ಮಾಡುವಾಗ ನಮಗೆ ಸುಲಭ. ಅವರಿಗೆ ಪದದ ಮೊದಲಿನ ಪ, ತ, ಕ ಜೊತೆ ಉಸಿರು ತಾನಾಗೇ ಸೇರಿಕೊಳ್ಳುತ್ತದೆ.

ಈಗ ನಾನು ಎಡವಿದ ಜಾಗ. ಈ ನಾಲ್ಕನ್ನು ನೋಡಿ:

ಲ ಅಂದರೆ ಚಂದ್ರ, ತಿಂಗಳು.
ಲಾ ಅಂದರೆ ಬರುವುದು.
ಲಾಃ ಅಂದರೆ ವಾಕ್ಯದ ಕೊನೆಯಲ್ಲಿ ಬರುವ ಪ್ರಶ್ನೆಯ ಗುರುತು, ನಮ್ಮ 'ಬರ್ತೀಯಾ'ದ ಕೊನೆಯಲ್ಲಿರುವ 'ಆ' ಇದ್ದ ಹಾಗೆ.
ಲತ್ ಅಂದರೆ ತಾಜಾ.

ಮೊದಲ ಮೂರು ಬರವಣಿಗೆಯಲ್ಲಿ ಹ್ರಸ್ವ, ದೀರ್ಘ, ವಿಸರ್ಗ. ಎರಡು ಸೊನ್ನೆಯ ಆ ವಿಸರ್ಗವಂತೂ ಥೇಟ್ ನಮ್ಮದೇ. ಹಾಗಾಗಿ ನಾನು ಮೊದಲನೆಯದನ್ನು ಸುಮ್ನೆ ಚಿಕ್ಕದಾಗಿ, ಎರಡನೆಯದನ್ನು ಉದ್ದವಾಗಿ, ಮೂರನೆಯದನ್ನು 'ಲಾಹ' ಅಂತ ಓದುತ್ತಿದ್ದೆ. ಟೀಚರಿಗೆ ಒಂದೂ ಅರ್ಥವಾಗುತ್ತಿರಲಿಲ್ಲ. ಬಳೆ-ಬಾಳೆ ಕೇಳಿ ಬೆಳೆದ ಕಿವಿ ಉದ್ದವನ್ನು ಮಾತ್ರ ಅಳೆಯುತ್ತದೆ. ಬರ್ಮೀಸ್ ಕಿವಿ ದನಿಯ ಏರಿಳಿತವನ್ನೂ ಗಂಟಲನ್ನೂ ಕೇಳುತ್ತದೆ. ಉದ್ದ-ಗಿಡ್ಡ ಅಲ್ಲೂ ಇದೆ, ಆದರೆ ಅದೊಂದೇ ಸಾಲದು.

ಲಾ ಕೆಳಸ್ವರದ್ದು, ಅಂದರೆ ದನಿ ತಗ್ಗಿಸಿ ಹೇಳುವುದು. ಉದ್ದವಾಗಿ, ಸಮವಾಗಿ, ಗಂಟಲು ಸಡಿಲ ಬಿಟ್ಟು ಹೇಳಿ. ಲಾಃ ಮೇಲುಸ್ವರದ್ದು. ಅದೂ ಉದ್ದ, ಸ್ವಲ್ಪ ಉಸಿರು ಬೆರೆತಿರುತ್ತದೆ, ಮಾತಿನ ಕೊನೆಯಲ್ಲಿ ಬಂದರೆ ಕೆಳಗೆ ಜಾರುತ್ತದೆ. ಹ ಮಾತ್ರ ಇಲ್ಲ. 'ಲಾ ಮ ಲಾಃ?' ಅಂದರೆ 'ಬರ್ತೀಯಾ?'. ಮೊದಲ ಲಾ ಕೆಳಗೆ, ಕೊನೆಯದು ಮೇಲೆ, ಮಧ್ಯದ ಮ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ನಾನು ದಿನಾ ಇದನ್ನೇ ಇಪ್ಪತ್ತು ಸಲ ಹೇಳುತ್ತೇನೆ.

ಚಂದ್ರನ ಲ ಅತಿ ಕಷ್ಟದ್ದು. ಮೇಲಿನ ಸ್ವರದಲ್ಲಿ ಶುರು ಮಾಡಿ, ಗಂಟಲನ್ನು ಮೆಲ್ಲಗೆ ಬಿಗಿ ಮಾಡುತ್ತಾ ನಿಲ್ಲಿಸಬೇಕು. ತುಂಬಿದ ಬಿಂದಿಗೆ ಎತ್ತುವಾಗ ಗಂಟಲಲ್ಲಿ ಒಂದು ಬಿಗಿ ಬರುತ್ತದೆ, ಅಲ್ವಾ? ಆ ಬಿಗಿ ಇಟ್ಟುಕೊಂಡು ಲ ಅನ್ನಿ. ದನಿಯ ಬಾಲದಲ್ಲಿ ಬಾಗಿಲು ಕಿರ್ ಅಂದ ಹಾಗೆ ಕೇಳಿಸಿದರೆ ಸರಿ. ಲತ್‌ನಲ್ಲಿ ಬಿಗಿಯೂ ಇಲ್ಲ, ಕಿರ್ರೂ ಇಲ್ಲ, ಗಂಟಲು ಟಪ್ ಅಂತ ಮುಚ್ಚುತ್ತದೆ. ತ್ ಬರವಣಿಗೆಯಲ್ಲಷ್ಟೇ, ನಾಲಗೆ ಹಲ್ಲಿಗೆ ತಾಗುವುದಿಲ್ಲ. ನಾನು ಈ ಎರಡನ್ನು ಎರಡು ತಿಂಗಳು ಒಂದೇ ಅಂದುಕೊಂಡಿದ್ದೆ. ಲ ಕರಗಿ ನಿಲ್ಲುತ್ತದೆ, ಲತ್ ಕತ್ತರಿಸಿ ನಿಲ್ಲುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಶಾಲೆಯಲ್ಲಿ ಓದಿದ ಆದೇಶ ಸಂಧಿ ನೆನಪಿದೆಯಾ? ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕ ತ ಪ ಹೋಗಿ ಗ ದ ಬ. ಬರ್ಮೀಸಿನಲ್ಲೂ ಇದೇ ನಡೆಯುತ್ತದೆ, ಆದರೆ ಅವರು ಬರವಣಿಗೆಯಲ್ಲಿ ತೋರಿಸುವುದಿಲ್ಲ. 'ಚೆನ್ನಾಗಿದೆ' ಅನ್ನಲು ಬರೆಯುವುದು 'ಕೌಂಃ ಪಾ ತೆ', ಓದುವುದು 'ಕೌಂ ಬಾ ದೆ'. ಹಿಂದಿನ ಪದ ಗಂಟಲು ಮುಚ್ಚಿ ನಿಂತಿದ್ದರೆ ಮಾತ್ರ ಬದಲಾವಣೆ ಇಲ್ಲ. 'ಹೌದು, ಸರಿ' ಅನ್ನುವ 'ಹೋಉತ್ ಪಾ ತೆ'ಯಲ್ಲಿ ಪಾ ಹಾಗೇ ಉಳಿಯುತ್ತದೆ, ತೆ ಮಾತ್ರ ದೆ ಆಗುತ್ತದೆ. ಅಷ್ಟೇ ಅಲ್ಲ, ವೇಗವಾಗಿ ಹೇಳುವಾಗ ಆ ಮುಚ್ಚಿದ ಗಂಟಲು ಮುಂದಿನ ಅಕ್ಷರವನ್ನು ಒತ್ತಕ್ಷರ ಮಾಡಿಬಿಡುತ್ತದೆ: 'ಹೋಉಪ್ಪಾದೆ'. ನಮ್ಮ ಬಾಯಿಗೆ ಅಪ್ಪ, ಅಕ್ಕ ಇದ್ದ ಹಾಗೆ. ಈ ನಿಯಮ ತಿಳಿದ ಮೇಲೆ ಕೇಳಿದ್ದು ಎಷ್ಟೋ ಜಾಸ್ತಿ ಅರ್ಥವಾಗುತ್ತಿದೆ.

ಉಸಿರಿನ ನ, ಮ ಇನ್ನೂ ಅಭ್ಯಾಸದಲ್ಲಿವೆ. ನಾ ಅಂದರೆ ನೋಯುವುದು, ಹ್ನಾ ಅಂದರೆ ಮೂಗು. ಮೂಗಿನ ಕೆಳಗೆ ಬೆರಳಿಟ್ಟು ಹೇಳಿ ನೋಡಿ. ಎರಡನೆಯದಕ್ಕೆ ದನಿ ಹೊರಡುವ ಮೊದಲೇ ಬೆರಳಿಗೆ ಗಾಳಿ ತಾಗಬೇಕು.