ಅರ್ಧ ಒಪ್ಪಿಕೊಂಡು ಮಾತು ಶುರು ಮಾಡಿ

ದಾವಣಗೆರೆಯಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವುದು ನನ್ನ ವೃತ್ತಿ. ವರ್ಷಕ್ಕೊಮ್ಮೆ ಯುವ ಸಂಸತ್ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸವೂ ನನ್ನದೇ. ಮೊದಲ ದಿನದ ತಾಲೀಮು ಯಾವಾಗಲೂ ಒಂದೇ ಥರ. ಆಡಳಿತ ಪಕ್ಷದವರು ಎದ್ದರೆ ವಿರೋಧ ಪಕ್ಷದವರು ಕೂಗುತ್ತಾರೆ, ಇವರು ಎದ್ದರೆ ಅವರು ಮೇಜು ಬಡಿಯುತ್ತಾರೆ. ಸಭಾಧ್ಯಕ್ಷೆಯಾದ ಹುಡುಗಿ "ಕುಳಿತುಕೊಳ್ಳಿ, ಕುಳಿತುಕೊಳ್ಳಿ" ಎಂದು ಹೇಳಿಯೇ ಸುಸ್ತಾಗುತ್ತಾಳೆ. ಮಕ್ಕಳ ತಪ್ಪಲ್ಲ. ಮೊಬೈಲಿನಲ್ಲಿ ಅವರು ನೋಡುವ ಸದನ ಅಂದರೆ ಅರ್ಧ ನಿಮಿಷದ ಜಗಳ, ಅಷ್ಟೇ.

ಎರಡನೇ ದಿನ 2011ರ ಮಾರ್ಚ್ ತಿಂಗಳ ಲೋಕಸಭೆಯ ಒಂದು ತುಣುಕು ತೋರಿಸುತ್ತೇನೆ. ವಿಶ್ವಾಸಮತದಲ್ಲಿ ಸರ್ಕಾರದ ಪರ ವೋಟಿಗಾಗಿ ಸಂಸದರಿಗೆ ಹಣ ಕೊಟ್ಟ ಆರೋಪದ ಚರ್ಚೆ. ವಿರೋಧ ಪಕ್ಷದ ನಾಯಕಿ ಸುಷ್ಮಾ ಸ್ವರಾಜ್ ಅವರು ಪ್ರಧಾನಿ ಮನಮೋಹನ್ ಸಿಂಗ್ ಅವರಿಗೆ ಒಂದು ಉರ್ದು ಪದ್ಯ ಹೇಳಿದರು. ಆ ಮಾತು ಈ ಮಾತು ಬೇಡ, ನಮ್ಮ ತಂಡ ಲೂಟಿಯಾದದ್ದು ಯಾಕೆ ಹೇಳು. ಕಳ್ಳರ ಮೇಲೆ ದೂರಿಲ್ಲ, ಪ್ರಶ್ನೆ ಇರುವುದು ನಿನ್ನ ಮುಂದಾಳತ್ವದ್ದು ಎಂದು ಅದರ ಅರ್ಥ. ಚುಚ್ಚುವ ಮಾತೇ. ಮನಮೋಹನ್ ಸಿಂಗ್ ಉರ್ದು ಕವಿ ಇಕ್ಬಾಲರ ಸಾಲಿನಿಂದ ಉತ್ತರ ಕೊಟ್ಟರು. ನಿನ್ನನ್ನು ನೋಡುವ ಯೋಗ್ಯತೆ ನನಗಿಲ್ಲ, ಒಪ್ಪಿದೆ. ಆದರೆ ನನ್ನ ಹಂಬಲ ನೋಡು, ನಾನು ಕಾದಿರುವುದನ್ನು ನೋಡು. ಸುಷ್ಮಾ ಅವರೂ ನಕ್ಕರು.

ಇದನ್ನು ಮೂರ್ನಾಲ್ಕು ಸಲ ಹಾಕಿ ತೋರಿಸುತ್ತೇನೆ. ಆ ಸಾಲು ಶುರುವಾಗುವುದೇ 'ಮಾನಾ ಕಿ' ಎಂದು. ಅಂದರೆ 'ಒಪ್ಪಿದೆ'. ಗುಟ್ಟೆಲ್ಲ ಅಲ್ಲೇ ಇದೆ. ಎದುರಿನವರ ಮಾತಿನಲ್ಲಿ ಅರ್ಧ ಒಪ್ಪಿಕೊಂಡರೆ ಜಗಳದ ಬಿಸಿ ಇಳಿಯುತ್ತದೆ, ಉಳಿದರ್ಧದ ಬಗ್ಗೆ ಮಾತಾಡಬಹುದು. "ಆರೋಪಕ್ಕೆ ಇದು ಉತ್ತರ ಆಯ್ತಾ ಸರ್?" ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆಗಲಿಲ್ಲ. ದಾಖಲೆ, ಲೆಕ್ಕ ಬೇರೆಯೇ ಕೊಡಬೇಕು, ಪದ್ಯ ಅದಕ್ಕೆ ಬದಲಿಯಲ್ಲ. ಆದರೆ ಆ ಲೆಕ್ಕ ಕೇಳುವ ತಾಳ್ಮೆ ಬರುವುದು ಇಂಥ ಮಾತಿನಿಂದಲೇ ಎಂದು ನಾನು ನಂಬಿದ್ದೇನೆ.

ಚುಚ್ಚುಮಾತು ಕೇಳಿಸಿಕೊಂಡವರ ಮನಸ್ಸೂ ದೊಡ್ಡದಿರಬೇಕು. ವಿರೋಧ ಪಕ್ಷದಲ್ಲಿದ್ದ ತಾವು ಒಮ್ಮೆ ಪ್ರಧಾನಿ ನೆಹರೂ ಅವರಿಗೆ "ನಿಮ್ಮೊಳಗೆ ಚರ್ಚಿಲ್ಲೂ ಇದ್ದಾರೆ, ಚೇಂಬರ್ಲೇನೂ ಇದ್ದಾರೆ" ಎಂದು ಹೇಳಿದ್ದನ್ನು ವಾಜಪೇಯಿ ಮುಂದೆ ಸಂಸತ್ತಿನಲ್ಲೇ ನೆನೆದಿದ್ದಾರೆ. ಇಬ್ಬರೂ ಬ್ರಿಟನ್ನಿನ ಪ್ರಧಾನಿಗಳು, ಹಿಟ್ಲರನ ಎದುರು ಒಬ್ಬರು ಗಟ್ಟಿ ನಿಂತವರು, ಇನ್ನೊಬ್ಬರು ಬಾಗಿದವರು. ನೆಹರೂ ಸಿಟ್ಟಾಗಲಿಲ್ಲ. ಸಂಜೆ ಔತಣವೊಂದರಲ್ಲಿ ಸಿಕ್ಕಾಗ, ಇವತ್ತು ಭಾಷಣ ಜೋರಾಗಿತ್ತು ಎಂದು ನಗುತ್ತಾ ಹೋದರಂತೆ. 1964ರಲ್ಲಿ ನೆಹರೂ ತೀರಿಕೊಂಡಾಗ ಅದೇ ವಾಜಪೇಯಿ ರಾಜ್ಯಸಭೆಯಲ್ಲಿ ಆಡಿದ ಮಾತು ಓದಿದರೆ ಇಂದಿಗೂ ಗಂಟಲು ಕಟ್ಟುತ್ತದೆ.

ನಮ್ಮ ಮಕ್ಕಳು ದೆಹಲಿಯವರೆಗೆ ಹೋಗಿ ಹುಡುಕಬೇಕಿಲ್ಲ. ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು. 1997ರಲ್ಲಿ ದಾವಣಗೆರೆ ಜಿಲ್ಲೆಯಾದದ್ದು ಅವರು ಮುಖ್ಯಮಂತ್ರಿಯಾಗಿದ್ದಾಗಲೇ. ಅವರ ಹೆಸರಿನಲ್ಲಿ ನಮ್ಮ ಕಡೆ ಓಡಾಡುವ ಜೋಕುಗಳಿಗೆ ಲೆಕ್ಕವಿಲ್ಲ. ಮಕ್ಕಳು ಅವನ್ನೇ ಉರು ಹೊಡೆದುಕೊಂಡು ಬರುತ್ತಾರೆ. ಬೇಡ ಅನ್ನುತ್ತೇನೆ. ಮನೆಯಿಂದ ಕಟ್ಟಿಕೊಂಡು ಬಂದ ಜೋಕು ಸದನದಲ್ಲಿ ಹಳಸುತ್ತದೆ. ಎದುರಿನವರು ಈಗಷ್ಟೇ ಆಡಿದ ಮಾತಿನಿಂದ ಹುಟ್ಟಿದ್ದೇ ರುಚಿ. ಅದಕ್ಕೆ ಮೊದಲು ಅವರ ಮಾತು ಕೇಳಿಸಿಕೊಂಡಿರಬೇಕು, ಅಲ್ವಾ?

ಹೋದ ವರ್ಷ ಭದ್ರಾ ನಾಲೆ ನೀರಿನ ಬಗ್ಗೆ ಚರ್ಚೆ ಇಟ್ಟಿದ್ದೆ. ನೀರಾವರಿ ಸಚಿವನಾದ ಹುಡುಗ ಎದೆ ಸೆಟೆಸಿ, "ನಾಲೆಗೆ ನೀರು ಬಿಟ್ಟಾಗಿದೆ, ಮಾನ್ಯ ಸದಸ್ಯೆ ಹೋಗಿ ನೋಡಲಿ" ಎಂದ. ಎದುರಿಗಿದ್ದವಳು ನಾಲೆಯ ಕೊನೆ ಭಾಗದ ಹಳ್ಳಿಯವಳು. ಅವರ ಗದ್ದೆಗೆ ಆ ಸಲ ನಿಜವಾಗಿಯೂ ನೀರು ಬಂದಿರಲಿಲ್ಲ. ಕೈಯಲ್ಲಿ ಎರಡು ಪುಟದ ಭಾಷಣ ಇತ್ತು. ಅದನ್ನು ಮಡಚಿ ಬೆಂಚಿನ ಮೇಲಿಟ್ಟಳು.

"ಸಚಿವರು ಹೇಳಿದ್ದು ನಿಜ ಸಭಾಧ್ಯಕ್ಷರೇ. ನೀರು ಬಿಟ್ಟಿದ್ದಾರೆ, ಅದು ನಮ್ಮೂರಿಗೆ ಹೊರಟೂ ಇದೆ. ದಾರಿಯಲ್ಲಿ ಯಾರ ಮನೆಯಲ್ಲಿ ಉಳಿದುಕೊಂಡಿದೆಯೋ ಗೊತ್ತಿಲ್ಲ. ಸಚಿವರೇ ಹುಡುಕಿ ಕರೆದುಕೊಂಡು ಬರಲಿ. ಬೆಣ್ಣೆದೋಸೆ ನಮ್ಮ ಖರ್ಚು."

ಎರಡೂ ಕಡೆಯವರು ಮೇಜು ತಟ್ಟಿದರು. ಸಚಿವ ನಗು ತಡೆಯಲಾಗದೆ ಎದ್ದು ನಿಂತ. "ಯಾವ ತೂಬಿನಿಂದ ಕೆಳಗೆ ನೀರು ಹೋಗುತ್ತಿಲ್ಲ, ಮಾನ್ಯ ಸದಸ್ಯೆ ಹೇಳಲಿ" ಎಂದು ಪೆನ್ನು ಕೈಗೆತ್ತಿಕೊಂಡ.