ಬಣ್ಣ ಬಿಟ್ಟು ಕಿವಿ ನೋಡಿ

ನನ್ನ ಮೇಜಿನ ಡ್ರಾಯರ್‌ನಲ್ಲಿ ಏಳನೇ ಎಡ್ವರ್ಡ್ ದೊರೆಯ 1907ರ ಬೆಳ್ಳಿ ರೂಪಾಯಿ ಒಂದಿದೆ. ಮಾರಾಟಕ್ಕಿಲ್ಲ. ಅಂಚಿನಲ್ಲಿ ನವಿಲುಗರಿಯ ನೀಲಿ, ಒಳಕ್ಕೆ ಬಂದಂತೆ ನೇರಳೆ, ನಡುವೆ ಹೊಂಬಣ್ಣ. ಹಳೇ ನಾಣ್ಯಗಳ ಸವೆತ ನೋಡಿ ಗ್ರೇಡ್, ಅಂದರೆ ದರ್ಜೆ, ಕೊಡುವ ಈ ಕಸುಬಿಗೆ ಬಂದ ಹೊಸದರಲ್ಲಿ ಒಂದು ಸಂಜೆ ಟ್ಯೂಬ್‌ಲೈಟ್ ಕೆಳಗೆ ನೋಡಿ, ಚಲಾವಣೆಗೇ ಹೋಗದ ನಾಣ್ಯ ಅಂತ ನಂಬಿ ದುಡ್ಡು ಸುರಿದಿದ್ದೆ. ಬೆಳಿಗ್ಗೆ ಕಿಟಕಿ ಹತ್ತಿರ ಹಿಡಿದಾಗ ದೊರೆಯ ಕಿವಿ ಚಪ್ಪಟೆ! ಕಿವಿಯ ಮೇಲಿನ ಕೂದಲಿನ ಎಳೆಗಳು ಒಂದಕ್ಕೊಂದು ಕಲಸಿಹೋಗಿದ್ದವು. ಅಂದರೆ ಚಲಾವಣೆಯಲ್ಲಿ ಸವೆದ ನಾಣ್ಯ. ಬಣ್ಣಕ್ಕೆ ಮರುಳಾಗಿ ಕಿವಿ ನೋಡುವುದನ್ನೇ ಮರೆತಿದ್ದೆ.

ಈ ಬಣ್ಣಕ್ಕೆ ಟೋನಿಂಗ್ ಅನ್ನುತ್ತಾರೆ. ಬೇರೇನಲ್ಲ, ಬೆಳ್ಳಿಗೆ ಗಂಧಕ ಸೇರಿ ಆಗುವ ತೆಳ್ಳನೆಯ ಪೊರೆ. ಗಂಧಕ ಗಾಳಿಯಲ್ಲೂ ಇದೆ, ಹಳೇ ಕಾಗದದಲ್ಲೂ ಇದೆ, ರಟ್ಟಿನಲ್ಲಿ, ರಬ್ಬರ್ ಬ್ಯಾಂಡಿನಲ್ಲಿ ಕೂಡ. ಮಳೆ ಬಿದ್ದ ರಸ್ತೆಯ ಮೇಲೆ ಪೆಟ್ರೋಲ್ ಚೆಲ್ಲಿದಾಗ ಬಣ್ಣ ಕಾಣುತ್ತದಲ್ವಾ, ಇಲ್ಲೂ ಅದೇ ಬೆಳಕಿನ ಆಟ. ಪೊರೆ ತೆಳುವಾಗಿದ್ದಾಗ ತಿಳಿ ಹಳದಿ. ದಪ್ಪವಾದಂತೆ ಹೊಂಬಣ್ಣ, ಆಮೇಲೆ ನೇರಳೆ, ನೀಲಿ. ಕೊನೆಗೆ ಕಪ್ಪು. ಪೊರೆಯ ದಪ್ಪ ನಾಣ್ಯ ಎಲ್ಲಿ ಕೂತಿತ್ತು ಅನ್ನುವುದನ್ನು ಹೇಳುತ್ತದೆ. ಎಷ್ಟು ಕೈ ದಾಟಿ ಬಂತು ಅನ್ನುವುದನ್ನು ಹೇಳುವುದಿಲ್ಲ. ಚೆನ್ನಾಗಿ ಸವೆದ ನಾಣ್ಯಕ್ಕೂ ಕಾಮನಬಿಲ್ಲಿನ ಬಣ್ಣ ಬರಬಹುದು. ಹಾಗಾಗಿ ಬಣ್ಣ ಮೊದಲೋ ಸವೆತ ಮೊದಲೋ ಅನ್ನುವುದೇ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ.

ಬಣ್ಣ ಏರಿದ ಮೇಲೆ ಸವೆದಿದ್ದರೆ ಉಬ್ಬು ಜಾಗಗಳಲ್ಲಿ ಪೊರೆ ಕಿತ್ತು ಬೂದು ಬೆಳ್ಳಿ ಇಣುಕುತ್ತದೆ. ಇದನ್ನು ಯಾರಾದರೂ ಹಿಡಿಯಬಹುದು. ಮೊದಲು ಸವೆದು ಆಮೇಲೆ ಬಣ್ಣ ಏರಿದ್ದರೆ ಕಷ್ಟ. ಸವೆದ ಜಾಗದ ಮೇಲೂ ಬಣ್ಣ ಹೊದಿಕೆಯ ಹಾಗೆ ಹರಡಿಕೊಂಡಿರುತ್ತದೆ. ನಾನು ಮೋಸ ಹೋಗಿದ್ದು ಇದರಲ್ಲೇ.

ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ಟಂಕಸಾಲೆಯ ಹೊಳಪು. ಅಚ್ಚು ಒತ್ತಿದಾಗ ಲೋಹ ಅಂಚಿನ ಕಡೆಗೆ ಹರಿಯುತ್ತದೆ. ಹಾಗೆ ಹರಿದ ಕಡೆಯೆಲ್ಲ ಕೂದಲಿಗಿಂತ ಸಣ್ಣ ಗೆರೆಗಳು ಉಳಿಯುತ್ತವೆ. ಹೊಳಪು ಬರುವುದು ಈ ಗೆರೆಗಳಿಂದಲೇ. ಒಂದೇ ಒಂದು ಬಲ್ಬಿನ ಕೆಳಗೆ ನಾಣ್ಯವನ್ನು ಓರೆ ಮಾಡಿ ನಿಧಾನಕ್ಕೆ ತಿರುಗಿಸಿ. ಬಂಡಿಯ ಚಕ್ರದ ಅರೆಕಾಲಿನ ಹಾಗೆ ಬೆಳಕಿನ ಪಟ್ಟಿ ಸುತ್ತುತ್ತದೆ. ಬಣ್ಣ ಎಷ್ಟೇ ಇದ್ದರೂ ಪಟ್ಟಿ ಅದರ ಅಡಿಯಿಂದ ಕಾಣಬೇಕು. ಕೆನ್ನೆಯನ್ನೋ ಕಿವಿಯನ್ನೋ ದಾಟುವಾಗ ಪಟ್ಟಿ ತುಂಡಾಯಿತೇ, ಅಲ್ಲಿ ಉಜ್ಜಿದೆ ಅಂತಲೇ ಲೆಕ್ಕ. ಟ್ಯೂಬ್‌ಲೈಟಿನಲ್ಲಿ ಬೆಳಕು ಎಲ್ಲ ಕಡೆಯಿಂದ ಬೀಳುವುದರಿಂದ ಈ ಪಟ್ಟಿ ಸರಿಯಾಗಿ ಕಾಣುವುದೇ ಇಲ್ಲ. ಪೊರೆ ತೀರಾ ಕಪ್ಪಾಗಿ ಹೊಳಪೇ ಮುಚ್ಚಿಹೋಗಿದ್ದರೆ ನಾನು ದೊಡ್ಡ ಗ್ರೇಡ್ ಕೊಡುವುದಿಲ್ಲ, ಯಾರು ಎಷ್ಟೇ ಒತ್ತಾಯ ಮಾಡಲಿ.

ಎಲ್ಲಿ ನೋಡಬೇಕು ಅನ್ನುವುದು ದೊರೆಯಿಂದ ದೊರೆಗೆ ಬೇರೆ. ಎಡ್ವರ್ಡ್ ತಲೆಯ ಮೇಲೆ ಕಿರೀಟವಿಲ್ಲ, ಅದಕ್ಕೇ ಕಿವಿ ಮತ್ತು ಕೂದಲು. ವಿಕ್ಟೋರಿಯಾ ರೂಪಾಯಿಯಲ್ಲಿ ಕಿರೀಟ, ಎದೆಯ ಮೇಲಿನ ಕಸೂತಿ. ಐದನೇ ಜಾರ್ಜ್ ಆದರೆ ಕಿರೀಟ, ಹುಬ್ಬು, ಮೀಸೆ, ಜೊತೆಗೆ ನಿಲುವಂಗಿಯ ಮೇಲಿನ ಪುಟ್ಟ ಆನೆ. 1911ರಲ್ಲಿ ಈ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡು ದೊಡ್ಡ ಗಲಾಟೆಯೇ ಆಯಿತು. 1912ರಿಂದ ಅಚ್ಚು ತಿದ್ದಿದರು. ಸಂಗ್ರಾಹಕರ ಬಾಯಲ್ಲಿ 1911ರದ್ದು ಇವತ್ತಿಗೂ 'ಹಂದಿ ರೂಪಾಯಿ'ಯೇ. ಆನೆ ಮಸುಕಾಗಿದೆ ಅಂದ ಮಾತ್ರಕ್ಕೆ ಸವೆತ ಅಂತ ತೀರ್ಮಾನಿಸಬೇಡಿ. ಅಚ್ಚು ಸರಿಯಾಗಿ ಬೀಳದೆಯೂ ಹಾಗಾಗುತ್ತದೆ. ಆಗ ವಿವರ ಇರುವುದಿಲ್ಲ, ಹೊಳಪು ಮಾತ್ರ ಇರುತ್ತದೆ. ಸವೆದಿದ್ದರೆ ಎರಡೂ ಇರುವುದಿಲ್ಲ.

ಇದಕ್ಕೆ ತಕ್ಕಡಿ ಉಪಯೋಗವಿಲ್ಲ. ಈ ರೂಪಾಯಿಗಳ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ನಕಲಿ ಹಿಡಿಯಲು ತಕ್ಕಡಿ ಸರಿ. ಕಿವಿ ಒಂಚೂರು ಉಜ್ಜಿದ್ದು ಅದಕ್ಕೆ ಎಲ್ಲಿ ತಿಳಿಯಬೇಕು?

ನಮ್ಮ ಮನೆಗಳದ್ದು ಇನ್ನೊಂದು ಕಥೆ. ವರಮಹಾಲಕ್ಷ್ಮಿ ಹಬ್ಬಕ್ಕೆ ರಾಣಿ ರೂಪಾಯಿಗಳನ್ನು ಕಲಶದ ಮುಂದೆ ಇಡುತ್ತೇವೆ. ಇಡುವ ಮೊದಲು ಹುಣಸೆಹಣ್ಣು, ವಿಭೂತಿ, ಇಲ್ಲವೇ ಪಾತ್ರೆ ಪುಡಿ ಹಾಕಿ ತಿಕ್ಕುತ್ತೇವೆ. ಭಕ್ತಿಗೆ ಕೊರತೆಯಿಲ್ಲ, ನಾಣ್ಯದ ಗ್ರೇಡ್ ಮಾತ್ರ ಚರಂಡಿ ಸೇರುತ್ತದೆ. ಹಾಗೆ ತಿಕ್ಕಿದ ನಾಣ್ಯವನ್ನು ಹತ್ತಿಪ್ಪತ್ತು ವರ್ಷ ಪೆಟ್ಟಿಗೆಯಲ್ಲಿಟ್ಟರೆ ಮತ್ತೆ ಬಣ್ಣ ಏರಬಹುದು. ಆದರೆ ಗೀರುಗಳು ಮಾಯವಾಗುವುದಿಲ್ಲ, ಬಣ್ಣದ ಅಡಿಯಲ್ಲಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಭೂತಗನ್ನಡಿಯಲ್ಲಿ ಸಿಕ್ಕಿಬೀಳುತ್ತವೆ. ಬೇಕಂತಲೇ ಬಣ್ಣ ಬರಿಸಿದ ನಾಣ್ಯಗಳಲ್ಲೂ ಇವು ಸಿಗುವುದು ಜಾಸ್ತಿ. ತಿಕ್ಕಿ ಕೆಡಿಸಿದ್ದನ್ನು ಮುಚ್ಚಲು ತಾನೇ ಬಣ್ಣ ಹಾಕುವುದು!

ಗ್ರೇಡ್ ಅಂಕಿಯ ಬಗ್ಗೆ ಎರಡೇ ಮಾತು. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ತಾಮ್ರದ ಸೆಂಟ್‌ಗಳಿಗೆ ಮಾಡಿದ 1ರಿಂದ 70ರ ಅಳತೆಯನ್ನೇ ಈಗ ನಮ್ಮ ರೂಪಾಯಿಗಳಿಗೂ ಹಾಕುತ್ತಾರೆ. 60ರಿಂದ ಮೇಲಿದ್ದರೆ ಚಲಾವಣೆಯ ಸವೆತ ಇಲ್ಲ ಅಂತ ಅರ್ಥ. 58 ಅಂದರೆ ಒಂದು ಎಳೆ ಉಜ್ಜಿದೆ. ಬೆಲೆ ಜಿಗಿಯುವುದು ಈ ಗೆರೆ ದಾಟಿದಾಗ. ಜಗಳವೂ ಅಲ್ಲೇ.

ಮೊನ್ನೆ ಬಂದ 1918ರ ಜಾರ್ಜ್ ರೂಪಾಯಿಯನ್ನೇ ತಗೊಳ್ಳಿ. ಇಡೀ ನಾಣ್ಯಕ್ಕೆ ತಿಳಿ ಹೊಂಬಣ್ಣ. ಬೆಳಕಿನ ಪಟ್ಟಿ ಚಿತ್ರವಿಲ್ಲದ ಬಯಲು ಭಾಗದಲ್ಲಿ ಎಲ್ಲೂ ತುಂಡಾಗದೆ ಸುತ್ತುತ್ತಿತ್ತು. ಹುಬ್ಬಿನ ಮೇಲೆ ಮಾತ್ರ ಅಕ್ಕಿಕಾಳಿನಷ್ಟು ಜಾಗದಲ್ಲಿ ಬಣ್ಣ ಕಿತ್ತಿತ್ತು. ಯಾರದೋ ಮರದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಜಾರಿ ಜಾರಿ ಆದ ಉಜ್ಜು ಅದು, ಸಂತೆಯಲ್ಲಿ ಕೈ ಬದಲಾಗಿ ಆದದ್ದಲ್ಲ ಅಂತ ಪಕ್ಕದ ಅಂಗಡಿಯ ಗೆಳೆಯರ ವಾದ. ಅವರ ಲೆಕ್ಕಕ್ಕೆ 62. ಇರಬಹುದು. ಪೆಟ್ಟಿಗೆ ಉಜ್ಜಿದರೂ ಜೇಬು ಉಜ್ಜಿದರೂ ಬೆಳ್ಳಿ ಹೋಗಿರುವುದು ನಿಜ ಅಲ್ವಾ? ನಾನು ಚೀಟಿಯ ಮೇಲೆ 58 ಅಂತ ಬರೆದೆ.